ಟೇಬಲ್ ಟಾಪಾ, ಕಪ್ಪಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಮನೆಯಲ್ಲಿ ಯಾವ ಕಾರ್ಯಕ್ರಮ ಆದರೂ ಊಟಕ್ಕೆ ಕೂತಾಗ ಫುಟ್‌ಬಾಲಿನ ಈ ಪ್ರಶ್ನೆ ಬಂದೇ ಬರುತ್ತದೆ. ಶುರು ಮಾಡುವುದು ನಮ್ಮ ಭಾವ. "ನಿಮ್ಮ ಬೆಂಗಳೂರು ಎಫ್‌ಸಿ ಆ ವರ್ಷ ಟೇಬಲ್‌ನಲ್ಲಿ ಫಸ್ಟ್ ಬಂದಿತ್ತು ಅಂತೀಯಲ್ಲಪ್ಪ, ಮತ್ತೆ ಕಪ್ ಯಾಕೆ ಚೆನ್ನೈಗೆ ಹೋಯ್ತು? ಕಪ್ ಬರದೆ ಫಸ್ಟ್ ಬಂದು ಏನು ಪ್ರಯೋಜನ?" ಅದರ ಬೆನ್ನಿಗೇ ಇನ್ನೊಂದು: "ಸೋತರೂ ಬಿಡದೆ ಸ್ಟೇಡಿಯಂಗೆ ಹೋಗ್ತೀಯಲ್ಲ, ಏನು ಸಿಗುತ್ತೆ ನಿಂಗೆ?" ಆಫೀಸಿನಲ್ಲೂ ಇದೇ ಕೇಳುತ್ತಾರೆ. ಪಕ್ಕದ ಮನೆಯ ಹುಡುಗರೂ ಇದೇ ಕೇಳುತ್ತಾರೆ. ಎಲೆ ಮುಂದೆ ಕೂತು ಹೇಳುವಷ್ಟು ಚಿಕ್ಕ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಲೀಗ್ ಮುಗಿದಾಗ ಜಾಸ್ತಿ ಅಂಕ ಇದ್ದವರೇ ಆ ವರ್ಷದ ಚಾಂಪಿಯನ್. ಅದಾದ ಮೇಲೆ ಪ್ಲೇಆಫ್ ಆಡಿಸಿ, ಫೈನಲ್ ಆಡಿಸಿ, ಕಪ್ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಅದು ಬೇರೆ ಕಪ್.

ಭಾವ ಕೇಳುವ ಆ ವರ್ಷ 2017–18. ಅಲ್ಲಿಯವರೆಗೆ ಐ-ಲೀಗ್ ಅನ್ನುವ ಇನ್ನೊಂದು ರಾಷ್ಟ್ರೀಯ ಲೀಗ್ ಆಡುತ್ತಿದ್ದ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ ಬಂದ ಮೊದಲ ಸೀಸನ್. 18 ಪಂದ್ಯ, 13 ಗೆಲುವು, ಒಂದು ಡ್ರಾ, ನಾಲ್ಕು ಸೋಲು. 40 ಅಂಕ. ಎರಡನೇ ಸ್ಥಾನದಲ್ಲಿದ್ದ ಚೆನ್ನೈಯಿನ್‌ಗೆ 32. ಎಂಟು ಅಂಕದ ಅಂತರ ಅಂದರೆ ಇನ್ನೆರಡು ಪಂದ್ಯ ಸೋತಿದ್ದರೂ ನಾವೇ ಮೊದಲು. ಆಮೇಲೆ ಮಾರ್ಚ್ 17ರ ರಾತ್ರಿ ನಮ್ಮ ಕಂಠೀರವ ಸ್ಟೇಡಿಯಂನಲ್ಲೇ ಫೈನಲ್. ಒಂಬತ್ತನೇ ನಿಮಿಷಕ್ಕೇ ಸುನಿಲ್ ಛೆಟ್ರಿ ತಲೆಯಿಂದ ಗೋಲು ಹೊಡೆದರು. ಆ ಗದ್ದಲದಲ್ಲಿ ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ಅದಾದ ಎಂಟು ನಿಮಿಷಕ್ಕೆ ಚೆನ್ನೈಯಿನ್‌ನ ಮೇಲ್ಸನ್ ಆಲ್ವೆಸ್ ಸಮ ಮಾಡಿದರು. ವಿರಾಮಕ್ಕೆ ಮುಂಚೆ ಅವರದ್ದೇ ಇನ್ನೊಂದು. 67ನೇ ನಿಮಿಷದಲ್ಲಿ ರಫೇಲ್ ಆಗಸ್ಟೋ ಮೂರನೇದು. ಕೊನೆಯಲ್ಲಿ ಮಿಕು ಒಂದು ಹೊಡೆದರು, ಆದರೆ ಹೊತ್ತು ಮೀರಿತ್ತು. 3-2.

ಚೆನ್ನೈಯಿನ್ ಆ ರಾತ್ರಿ ನಮಗಿಂತ ಚೆನ್ನಾಗಿ ಆಡಿತು. ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಬೇರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ದೇಶವೆಲ್ಲ ಸುತ್ತಿ ಕೂಡಿಸಿದ 40 ಅಂಕಕ್ಕೆ ಆಗ ಒಂದು ತಟ್ಟೆ ಕೂಡ ಇರಲಿಲ್ಲ. ದಾಖಲೆಯಲ್ಲಿ ಚಾಂಪಿಯನ್ ಚೆನ್ನೈಯಿನ್, ನಾವು ರನ್ನರ್ ಅಪ್, ಅಷ್ಟೇ. ಐದು ತಿಂಗಳ ಕೆಲಸವನ್ನು 90 ನಿಮಿಷ ಅಳಿಸಿಹಾಕಿತು.

ಮುಂದಿನ ವರ್ಷ ಮತ್ತೆ ನಾವೇ ಟಾಪ್. ಈ ಸಲ ಮುಂಬೈನಲ್ಲಿ ಫೈನಲ್, ಎದುರಿಗೆ ಗೋವಾ. ಗೋಲಿಲ್ಲದೆ 90 ನಿಮಿಷ ಮುಗಿಯಿತು. ಹೆಚ್ಚುವರಿ ಸಮಯದಲ್ಲಿ, 117ನೇ ನಿಮಿಷಕ್ಕೆ, ರಾಹುಲ್ ಭೆಕೆ ತಲೆ ಕೊಟ್ಟರು. ಕಪ್ ನಮ್ಮದಾಯಿತು. ಆಗ ಜನ ನನಗೆ ಹೇಳಿದ್ದು, "ನೋಡು, ಈಗ ನಿಜವಾಗಿ ಗೆದ್ರಿ." ನನಗೆ ಹಾಗನ್ನಿಸಲಿಲ್ಲ. ನನ್ನ ಲೆಕ್ಕದಲ್ಲಿ ನಾವು ಎರಡು ವರ್ಷವೂ ಗೆದ್ದಿದ್ದೆವು. 2019–20ರಿಂದ ಟೇಬಲ್‌ನಲ್ಲಿ ಮೊದಲು ಬಂದವರಿಗೆ ಲೀಗ್ ವಿನ್ನರ್ಸ್ ಶೀಲ್ಡ್ ಕೊಡುವ ಪದ್ಧತಿ ಬಂತು. ಏಷ್ಯಾದ ದೊಡ್ಡ ಟೂರ್ನಿಗೆ ಹೋಗುವ ದಾರಿಯೂ ಶೀಲ್ಡ್ ಗೆದ್ದವರಿಗೇ ಸಿಕ್ಕಿತು. ಎರಡೇ ವರ್ಷ ಮೊದಲು ಬಂದಿದ್ದರೆ ನಮ್ಮ ಕಪಾಟಿನಲ್ಲಿ ಎರಡು ಶೀಲ್ಡ್ ಇರುತ್ತಿದ್ದವಲ್ಲ ಅಂತ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

"ಫೈನಲ್ ಇಲ್ಲದಿದ್ರೆ ಮಜಾ ಎಲ್ಲಿ?" ಅಂತ ಕೇಳುವವರಿಗೆ ನಾನು ಹೇಳುವುದು 2015ರ ಮೇ 31ರ ಕಥೆ. ಅದು ಐ-ಲೀಗ್. ಅಲ್ಲಿ ಪ್ಲೇಆಫ್ ಇಲ್ಲ, ಫೈನಲ್ ಇಲ್ಲ. ತವರಿನಲ್ಲಿ, ಹೊರಗೆ, ಎಲ್ಲರೂ ಎಲ್ಲರೊಂದಿಗೆ ಎರಡೆರಡು ಸಲ ಆಡಬೇಕು, ಮುಗಿಯಿತು. ಆ ಸೀಸನ್ನಿನ ಕೊನೆಯ ದಿನ ಕಂಠೀರವಕ್ಕೆ ಬಂದದ್ದು ಮೋಹನ್ ಬಾಗಾನ್. ನಾವು ಗೆದ್ದರೆ ಪ್ರಶಸ್ತಿ ನಮಗೆ, ಡ್ರಾ ಆದರೆ ಅವರಿಗೆ. 41ನೇ ನಿಮಿಷದಲ್ಲಿ ಜಾನ್ ಜಾನ್ಸನ್ ಗೋಲು. ಅಲ್ಲಿಂದ ಮುಂದೆ ಗಡಿಯಾರ ನೋಡುವುದೇ ಕೆಲಸ. 70 ಆಯಿತು, 80 ಆಯಿತು. 87ನೇ ನಿಮಿಷದಲ್ಲಿ ಬಾಗಾನ್‌ನ ಬೆಲ್ಲೊ ರಜಾಕ್ ಸಮ ಮಾಡಿಬಿಟ್ಟರು. 1-1. ಅವರಿಗೆ 39 ಅಂಕ, ನಮಗೆ 37. 13 ವರ್ಷದ ನಂತರ ಅವರಿಗೆ ರಾಷ್ಟ್ರೀಯ ಲೀಗ್ ಸಿಕ್ಕಿತು.

ಅವತ್ತಿನಷ್ಟು ನೋವು ನನಗೆ ಚೆನ್ನೈಯಿನ್ ಫೈನಲ್‌ನಲ್ಲೂ ಆಗಿಲ್ಲ. ಆದರೆ ಅನ್ಯಾಯ ಆಯಿತು ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. 20 ಪಂದ್ಯದ ಲೆಕ್ಕದಲ್ಲಿ ಅವರು ನಮಗಿಂತ ಎರಡು ಅಂಕ ಮುಂದಿದ್ದರು. ಯಾರೂ ಮಧ್ಯೆ ಬಂದು ಪುಸ್ತಕ ಮುಚ್ಚಿ, ಹೊಸ ಪುಟ ತೆಗೆದು ಮತ್ತೆ ಮೊದಲಿಂದ ಬರೆಯಿರಿ ಅನ್ನಲಿಲ್ಲ. ಲೀಗ್ ತಾನಾಗೇ ಒಂದು ಫೈನಲ್ ಕೊಟ್ಟಿತ್ತು. ಅಂಥದ್ದು ಎಲ್ಲ ವರ್ಷ ಸಿಗುವುದಿಲ್ಲ ನಿಜ. ಸಿಕ್ಕಾಗ ಅದರ ತೂಕವೇ ಬೇರೆ.

ಈಗ ನೀವು ಕೇಳಬಹುದು. ನಿಮ್ಮ ಟೀಮ್ ಕೆಳಗಿದ್ದು ಪ್ಲೇಆಫ್‌ನಿಂದ ಮೇಲೆ ಬಂದಾಗಲೂ ಇದೇ ಮಾತಾ? ಸರಿಯಾದ ಪ್ರಶ್ನೆ. 2022–23 ಅದಕ್ಕೇ ಇದೆ. ಆ ಹೊತ್ತಿಗೆ ಪ್ಲೇಆಫ್ ನಾಲ್ಕು ತಂಡದಿಂದ ಆರಕ್ಕೆ ಬೆಳೆದಿತ್ತು. ಮೊದಲೆರಡು ತಂಡ ನೇರ ಸೆಮಿಫೈನಲ್‌ಗೆ, ಉಳಿದ ನಾಲ್ಕು ತಂಡಕ್ಕೆ ಒಂದೊಂದು ನಾಕೌಟ್ ಪಂದ್ಯ. ಸೀಸನ್ನಿನ ಅರ್ಧ ಕಳೆದರೂ ನಾವು ತಳದ ಹತ್ತಿರ ಇದ್ದೆವು. ಆಮೇಲೆ ಲೀಗಿನ ಕೊನೆಯ ಎಂಟು ಪಂದ್ಯ ಸಾಲಾಗಿ ಗೆದ್ದು ನಾಲ್ಕನೇ ಸ್ಥಾನ.

ಮಾರ್ಚ್ 3ಕ್ಕೆ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ ಶುರುವಿನಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಿತು. ಅವರ ಆಟಗಾರರು ಅಡ್ಡಲಾಗಿ ಗೋಡೆಯಂತೆ ಸಾಲು ನಿಲ್ಲುವ ಮೊದಲೇ ಛೆಟ್ರಿ ಚೆಂಡು ಎತ್ತಿ ಗೋಲಿಗೆ ಹಾಕಿದರು. ರೆಫರಿ ಗೋಲು ಅಂದರು. ಕೇರಳದ ಆಟಗಾರರು ಕೋಚ್ ಜೊತೆ ಮೈದಾನ ಬಿಟ್ಟು ನಡೆದೇಬಿಟ್ಟರು. ಆ ಕ್ಲಬ್‌ಗೆ ಆಮೇಲೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಇದರ ಚರ್ಚೆ ವಾರಗಟ್ಟಲೆ ನಡೆಯಿತು. ನನಗೆ ಬೇಜಾರಾದದ್ದು ಇನ್ನೊಂದಕ್ಕೆ. ಮರುದಿನ, ಮಾರ್ಚ್ 4ಕ್ಕೆ, ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದರು. ಮೈಸೂರು ಅನ್ನುವ ಹೆಸರಲ್ಲಿ ಕೊನೆಗೆ ಗೆದ್ದಿದ್ದ ಟ್ರೋಫಿ ಅದು. ಆ ಫ್ರೀ ಕಿಕ್ ಗಲಾಟೆಯಲ್ಲಿ ಅದಕ್ಕೆ ಸಿಗಬೇಕಾದ ಅರ್ಧ ಮರ್ಯಾದೆಯೂ ಸಿಗಲಿಲ್ಲ.

ವಿಷಯಕ್ಕೆ ಬರೋಣ. ಸೆಮಿಫೈನಲ್‌ನಲ್ಲಿ ಎದುರಾದದ್ದು ಮುಂಬೈ ಸಿಟಿ. ಅವರು 46 ಅಂಕ ತೆಗೆದು ಶೀಲ್ಡ್ ಗೆದ್ದವರು. ನಮಗೆ 34. ಅಲ್ಲಿ 1-0 ಗೆದ್ದೆವು, ಇಲ್ಲಿ 2-1 ಸೋತೆವು. ಪೆನಾಲ್ಟಿ ಶೂಟೌಟ್‌ನಲ್ಲಿ 9-8. ನಾನು ಗಂಟಲು ಹರಿಯುವಷ್ಟು ಕೂಗಿದೆ. ಮುಂದೆ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಪೆನಾಲ್ಟಿಯಲ್ಲೇ ಸೋತೆವು. ಅವತ್ತು ಗೆದ್ದಿದ್ದರೆ ರಾತ್ರಿಯಿಡೀ ಕುಣಿಯುತ್ತಿದ್ದೆ. ಆದರೂ ಆ ವರ್ಷದ ಒಳ್ಳೆಯ ತಂಡ ಯಾವುದು ಅಂತ ಕೇಳಿದ್ದರೆ ಮುಂಬೈ ಸಿಟಿ ಅಂತಲೇ ಹೇಳುತ್ತಿದ್ದೆ. 12 ಅಂಕ ಹಿಂದಿದ್ದವರು ಹೇಗೆ ಚಾಂಪಿಯನ್ ಆಗುತ್ತಾರೆ, ಹೇಳಿ?

2025ರಲ್ಲೂ ಹಾಗೇ. ಮೂರನೇ ಸ್ಥಾನದಿಂದ ಹೊರಟು ಮುಂಬೈಗೆ 5-0 ಬಾರಿಸಿದೆವು. ಗೋವಾದಲ್ಲಿ ಇನ್ನೇನು ಮುಗಿಯಿತು ಅನ್ನುವಾಗ 40 ವರ್ಷದ ಛೆಟ್ರಿ ತಲೆಯಿಂದ ಗೋಲು ಹೊಡೆದು ಫೈನಲ್‌ಗೆ ಕರೆದುಕೊಂಡು ಹೋದರು. ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಬಾಗಾನ್ ಎದುರು ಮೊದಲ ಗೋಲು ನಮ್ಮ ಲೆಕ್ಕಕ್ಕೇ ಬಂತು. ಆಮೇಲೆ ಒಂದು ಪೆನಾಲ್ಟಿಯಿಂದ ಅವರು ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಅವರ ಜೇಮಿ ಮೆಕ್ಲಾರೆನ್ ಇನ್ನೊಂದು. 2-1. ಬಾಗಾನ್ ಲೀಗಿನಲ್ಲಿ 56 ಅಂಕ ತೆಗೆದಿತ್ತು. ಶೀಲ್ಡ್, ಕಪ್ ಎರಡೂ ಅವರಿಗೇ ಹೋದವು. ಬೇಜಾರಿತ್ತು, ದೂರು ಇರಲಿಲ್ಲ.

ಒಂದು ಸುಧಾರಣೆಯನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ. ಮೊದಲೆಲ್ಲ ಫೈನಲ್ ಎಲ್ಲಿ ಅಂತ ಮುಂಚೆಯೇ ತೀರ್ಮಾನ ಆಗಿರುತ್ತಿತ್ತು. 2024 ಮತ್ತು 2025ರಲ್ಲಿ ಫೈನಲ್‌ಗೆ ಬಂದ ಎರಡರಲ್ಲಿ ಟೇಬಲ್‌ನಲ್ಲಿ ಮೇಲಿದ್ದ ತಂಡದ ಊರಿನಲ್ಲೇ ಫೈನಲ್ ನಡೆಯಿತು. ಲೀಗಿನ ಅಂಕಕ್ಕೆ ಸ್ವಲ್ಪ ಬೆಲೆ ಸಿಕ್ಕಿತು. ಅಭಿಮಾನಿಗಳಿಗೆ ಇದು ಎಷ್ಟು ಮುಖ್ಯ ಅಂತ ಆಸ್ಟ್ರೇಲಿಯಾ ನೋಡಿದರೆ ಗೊತ್ತಾಗುತ್ತದೆ. ಅಲ್ಲಿಯ ಎ-ಲೀಗ್‌ನಲ್ಲೂ ಲೀಗ್ ಮುಗಿದ ಮೇಲೆ ಫೈನಲ್ಸ್ ನಡೆಯುತ್ತದೆ. 2022ರ ಡಿಸೆಂಬರ್‌ನಲ್ಲಿ, ಮುಂದಿನ ಮೂರು ವರ್ಷದ ಗ್ರ್ಯಾಂಡ್ ಫೈನಲ್ ಸಿಡ್ನಿಯಲ್ಲೇ ಅಂತ ಲೀಗ್ ನಡೆಸುವವರು ದುಡ್ಡಿಗೆ ಒಪ್ಪಂದ ಮಾಡಿಕೊಂಡರು. ಬೇರೆ ಊರಿನವರಷ್ಟೇ ಅಲ್ಲ, ಸಿಡ್ನಿಯ ಅಭಿಮಾನಿಗಳೂ ಪಂದ್ಯದ ಮಧ್ಯೆ ಎದ್ದು ಹೊರಗೆ ನಡೆದರು. ಮೆಲ್ಬರ್ನ್‌ನಲ್ಲಿ ಕೆಲವರು ಮೈದಾನಕ್ಕೆ ನುಗ್ಗಿ ಗೋಲ್‌ಕೀಪರ್‌ಗೆ ಪೆಟ್ಟಾಯಿತು. ಅದನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಆದರೆ ಸುಮ್ಮನೆ ಎದ್ದು ಹೋದ ಸಾವಿರಾರು ಜನರ ಮಾತು ಗೆದ್ದಿತು. 2023ರ ಅಕ್ಟೋಬರ್‌ನಲ್ಲಿ ಆ ನಿರ್ಧಾರ ವಾಪಸ್ ಹೋಯಿತು.

ಇನ್ನು ಭಾವನ ಎರಡನೇ ಪ್ರಶ್ನೆ. ಸೋತರೂ ಯಾಕೆ ಹೋಗ್ತೀಯ?

ನಮ್ಮ ಭಾವ ಆರ್‌ಸಿಬಿ ಅಭಿಮಾನಿ. 2016ರಲ್ಲಿ ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ ಎಂಟು ರನ್‌ನಿಂದ ಸೋತಾಗ ಅವರು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಎರಡು ವರ್ಷದ ನಂತರ ಕಬ್ಬನ್ ಪಾರ್ಕಿನ ಇನ್ನೊಂದು ಪಕ್ಕದಲ್ಲಿ ನನಗೆ ಆದದ್ದೂ ಅದೇ. 2008ರಿಂದ 2025ರ ಜೂನ್ 3ರವರೆಗೆ ಕಪ್‌ಗಾಗಿ 18 ಸೀಸನ್ ಕಾದವರು ಅವರು. ಈ ಪ್ರಶ್ನೆಗೆ ಉತ್ತರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳುವುದು ಫುಟ್‌ಬಾಲ್‌ಗೂ ಅಷ್ಟು ಅಂಟಿಕೊಳ್ಳಬಹುದಾ ಅಂತ ಮಾತ್ರ.

ಖಂಡಿತ ಅಂಟಿಕೊಳ್ಳಬಹುದು. ಈ ಊರಿಗೆ ಫುಟ್‌ಬಾಲ್ ಹೊಸದೇನಲ್ಲ. 1937ರಲ್ಲೇ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತ್ತು. ಗೌತಮಪುರಕ್ಕೆ ಹೋದರೆ ಪೆಲೆಯ ಪ್ರತಿಮೆಯೇ ಇದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಆ ಹಳೆ ಪ್ರೀತಿಗೆ ಒಂದು ಹೊಸ ವಿಳಾಸ ಸಿಕ್ಕಿತು, ಅಷ್ಟೇ.

ಸ್ಟೇಡಿಯಂನಲ್ಲಿ ನಾನು ಹೋಗುವುದು ವೆಸ್ಟ್ ಬ್ಲಾಕ್ ಅನ್ನುವ ಸ್ಟ್ಯಾಂಡಿಗೆ. ಕಂಠೀರವದಲ್ಲಿ ಅಥ್ಲೆಟಿಕ್ಸ್ ಟ್ರ್ಯಾಕ್ ಮಧ್ಯೆ ಬರುವುದರಿಂದ ಆಟ ಸ್ವಲ್ಪ ದೂರವೇ. ಅದಕ್ಕೇ ಅಲ್ಲಿ ಡ್ರಮ್ ಜೋರು, ಕೂಗು ಜೋರು. ಫೈನಲ್ ದಿನ ಎಲ್ಲರೂ ಬರುತ್ತಾರೆ. ಬರಲಿ, ಸಂತೋಷ. ನನಗೆ ಪ್ರೀತಿ ಜಾಸ್ತಿ ಇರುವುದು ವಾರದ ಮಧ್ಯದ, ಮಳೆ ಬಂದು ನಿಂತ, ಅರ್ಧ ಖಾಲಿ ಸ್ಟ್ಯಾಂಡಿನ ಪಂದ್ಯಗಳ ಮೇಲೆ. ಎದುರಾಳಿ ಟೇಬಲ್‌ನಲ್ಲಿ ಹತ್ತನೆಯವರು. 0-0. ನಾಲ್ಕು ಜನ ಡ್ರಮ್ ಬಾರಿಸುತ್ತಲೇ ಇರುತ್ತಾರೆ. ಅವತ್ತಿನ ಆ ಒಂದು ಅಂಕವೂ ಟೇಬಲ್‌ನಲ್ಲಿ ಸೇರುತ್ತದೆ. ನಾನು ಲೀಗಿನ ಪರ ನಿಲ್ಲಲು ಇದೇ ಕಾರಣ. ನಾವು ಅಂಥ ದಿನಗಳಲ್ಲೂ ಹೋಗಿ ಕೂತಿರುತ್ತೇವೆ. ಲೀಗ್ ಆ ದಿನಗಳನ್ನು ಲೆಕ್ಕಕ್ಕೆ ಇಡುತ್ತದೆ.

2018ರ ಜೂನ್‌ನಲ್ಲಿ ಛೆಟ್ರಿ ಒಂದು ವಿಡಿಯೋ ಹಾಕಿದ್ದು ನೆನಪಿರಬಹುದು. ಮುಂಬೈನಲ್ಲಿ ಭಾರತ ತಂಡ ಆಡುವಾಗ ಸ್ಟ್ಯಾಂಡ್ ಖಾಲಿ ಇತ್ತು. ಬೈಯಿರಿ, ಟೀಕೆ ಮಾಡಿ, ಆದರೆ ಬಂದು ನೋಡಿ ಅಂತ ಕೇಳಿಕೊಂಡಿದ್ದರು. ಮುಂದಿನ ಪಂದ್ಯದ ಟಿಕೆಟ್ ಪೂರ್ತಿ ಖಾಲಿ. ರಾತ್ರಿ ಒಂದೂವರೆಗೆ ಅಲಾರಂ ಇಟ್ಟು ಯುರೋಪಿನ ಪಂದ್ಯ ನೋಡುವ ಗೆಳೆಯರಿಗೆ ನಾನು ಹೇಳುವುದೂ ಅದನ್ನೇ. ಅದನ್ನು ಬಿಡಿ ಅಂತಲ್ಲ. ಇಲ್ಲಿಗೂ ಬನ್ನಿ. ಮೆಟ್ರೋ ಹತ್ತಿದರೆ ಕಬ್ಬನ್ ಪಾರ್ಕ್.

2025ರ ಜುಲೈನಲ್ಲಿ ಲೀಗೇ ನಿಂತುಹೋಯಿತು. ಲೀಗ್ ನಡೆಸುವ ಸಂಸ್ಥೆಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ತಿಂಗಳುಗಟ್ಟಲೆ ಪಂದ್ಯವೇ ಇಲ್ಲ. ಸೋತರೂ ಯಾಕೆ ಹೋಗ್ತೀಯ ಅನ್ನುತ್ತಿದ್ದ ಭಾವ ಆಗ ಒಂದು ಸಲ ಫೋನ್ ಮಾಡಿ, "ಏನಾದ್ರೂ ಗೊತ್ತಾಯ್ತಾ?" ಅಂತ ಕೇಳಿದರು. ಕೊನೆಗೆ 2026ರ ಫೆಬ್ರವರಿ 14ರಿಂದ ಲೀಗ್ ಶುರು ಅಂತ ಗೊತ್ತಾಯಿತು. 14 ತಂಡ, ಒಬ್ಬೊಬ್ಬರ ಜೊತೆ ಒಂದೇ ಸಲ ಆಟ, ಒಟ್ಟು 91 ಪಂದ್ಯ. ಪ್ಲೇಆಫ್ ಇಲ್ಲ. "ನಿನ್ನ ಆಸೆ ಈಡೇರಿತಲ್ಲ" ಅಂದರು ಭಾವ.

ಈಡೇರಿಲ್ಲ. ಒಂದೇ ಸಲ ಆಡಿದರೆ ಒಬ್ಬರಿಗೆ ತವರು ಸಿಗುತ್ತದೆ, ಇನ್ನೊಬ್ಬರಿಗೆ ಸಿಗುವುದಿಲ್ಲ. ಅಂಥ ಟೇಬಲ್ ಪೂರ್ತಿ ನ್ಯಾಯ ಹೇಳುವುದಿಲ್ಲ. ಅಲ್ಲಿ 13, ಇಲ್ಲಿ 13, ಒಂದೊಂದು ತಂಡಕ್ಕೆ 26 ಪಂದ್ಯ ಬೇಕು. ಮೊದಲು ಅದನ್ನು ವಾಪಸ್ ಕೊಡಲಿ. ಫೈನಲ್ ಬೇಕಾ ಬೇಡವಾ ಅಂತ ನಾನು, ಭಾವ ಆಮೇಲೆ ಜಗಳ ಆಡುತ್ತೇವೆ.