ಒಂದು ಮೆಟ್ಟು ಮೇಲೆ

ಮೇಷ್ಟ್ರು ಹೋದ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಆವತ್ತು ಸಂಜೆ ಗಿಟಾರ್ ತೆಗೆದು ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದೆ.

ಪಿಯುಸಿಯಲ್ಲಿ ಅವರು ನಮಗೆ ಫಿಸಿಕ್ಸ್ ಮಾಡುತ್ತಿದ್ದರು. ಅದರಲ್ಲಿ ಏನೂ ನೆನಪಿಲ್ಲ. ನೆನಪಿರುವುದು ನಾಲ್ಕು ಗಂಟೆಯ ಮೇಲೆ ಲ್ಯಾಬಿನಲ್ಲಿ ನಡೆಯುತ್ತಿದ್ದ ಗಿಟಾರ್ ಪಾಠ. ವೀಣೆ ಕಲಿತವರು, ಗಿಟಾರಿನ ಕತ್ತಿನ ಮೇಲೆ ಅರ್ಧರ್ಧ ಸ್ವರಕ್ಕೊಂದು ಇರುವ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೂ ಮೆಟ್ಟು ಅಂತಲೇ ಅನ್ನುತ್ತಿದ್ದರು. ಜಾಝ್‌ನವರು ಜಿ ಸೆವೆನ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ನುಡಿಸುವ ಆಲ್ಟರ್ಡ್ ಸ್ಕೇಲ್ ಎಂಬ ಸ್ವರಸಾಲನ್ನು ಹೇಳಿಕೊಟ್ಟದ್ದು ಹೀಗೆ: "ಎ ಫ್ಲಾಟ್‌ನಲ್ಲಿ ಗೌರಿಮನೋಹರಿ ಹಿಡಿ. ನಿಷಾದದಲ್ಲಿ ನಿಂತ್ಕೋ. ಅದೇ ನಿನ್ನ ಷಡ್ಜ." ಕರ್ನಾಟಕ ಸಂಗೀತದ 23ನೆಯ ಮೇಳಕರ್ತ (ಮೂಲ ರಾಗ) ಅದು. ಆದರೆ ನಿಷಾದದಲ್ಲಿ ನಿಂತರೆ ಪಂಚಮವೇ ಸಿಗುವುದಿಲ್ಲ. ಜಿ, ಬಿ, ಎಫ್ ಮಾತ್ರ ಕಾರ್ಡಿನವು, ಉಳಿದ ನಾಲ್ಕೂ ಸೊಟ್ಟ. ಸಿ ಮೈನರ್‌ಗೆ ಬಂದು ಇಳಿದಾಗಲೇ ಅಬ್ಬಾ ಅನಿಸುವುದು.

ಕಾಲೇಜ್ ಡೇ ದಿನ ನಾನೂ ಗೆಳೆಯನೂ ಸ್ಟೇಜ್ ಹಿಂದೆ ಅವರ ಗಿಟಾರಿನ ಶ್ರುತಿ ಅರ್ಧ ಸ್ವರ ಇಳಿಸಿಟ್ಟೆವು. ಮೊದಲ ಸ್ವರಕ್ಕೇ ಅವರ ಹುಬ್ಬು ಏರಿತು. ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಯಿತಂತೆ. ಅಷ್ಟು ಇಳಿಸಿದರೆ ತಂತಿಯ ಬಿಗಿ ಸುಮಾರು 11 ಪರ್ಸೆಂಟ್ ಕಡಿಮೆಯಾಗುತ್ತದೆ. (ಇದೊಂದು ಫಿಸಿಕ್ಸ್ ನೆನಪಿದೆ ನೋಡಿ!) ಕೈಯನ್ನು ಸುಮ್ನೆ ಒಂದು ಮೆಟ್ಟು ಮೇಲಕ್ಕೆ ಜರುಗಿಸಿ ನುಡಿಸುತ್ತಾ ಹೋದರು. ಆ ಮೊದಲ ಅಪಸ್ವರವನ್ನು ಜಾಝ್ ಅಂದುಕೊಂಡು ಜನ ಚಪ್ಪಾಳೆ ಹೊಡೆದರು.

ಸಿಕ್ಕಿಬಿದ್ದವನು ನಾನೊಬ್ಬನೇ. ಶಿಕ್ಷೆ? "ವರ್ಷಪೂರ್ತಿ ನಿನ್ನ ಗಿಟಾರೂ ಹಂಗೇ ಇರ್ಲಿ."

ಈಗ ನನ್ನ ಮಗಳ ಕಾಲೇಜಿನಲ್ಲಿ ನಾಲ್ಕು ಗಂಟೆಯ ಮೇಲೆ ನೀಟ್ ಕೋಚಿಂಗ್. ಇಂಥ ತರಲೆ ಮಾಡೋಕೂ ಪುರುಸೊತ್ತಿಲ್ಲ, ಇಂಥ ಶಿಕ್ಷೆ ಕೊಡೋರೂ ಇಲ್ಲ.

ಆ ವರ್ಷ ಬೆರಳಿಗೆ ಒಂದು ಲೆಕ್ಕ, ಕಿವಿಗೆ ಇನ್ನೊಂದು. ದಪ್ಪ ತಂತಿಯಲ್ಲಿ ಜಿ ಬೇಕಾದರೆ ಮೂರನೆಯ ಫ್ರೆಟ್ ಅಲ್ಲ, ನಾಲ್ಕನೆಯದು. ಬೈದುಕೊಂಡೇ ನುಡಿಸಿದೆ. ಒಂದು ದಿನ ಥಟ್ಟನೆ ಹೊಳೆಯಿತು. ಮಾಮೂಲಿ ಶ್ರುತಿಯಲ್ಲಿ ಫ್ರೆಟ್ ಒತ್ತದೆ ಮೀಟಿದರೆ ಜಿ, ಬಿ ತಂತಿ ಎರಡೇ ಆ ಆಲ್ಟರ್ಡ್ ಸ್ಕೇಲಿಗೆ ಸೇರುತ್ತವೆ. ಇಳಿಸಿದ ಶ್ರುತಿಯಲ್ಲಿ ಆರರಲ್ಲಿ ಐದು! ಬೆಂಗಳೂರಿನಲ್ಲಿ ನಾನು ನುಡಿಸುವಾಗ ಹುಡುಗರು ಹತ್ತಿರ ಬಂದು ಕೈ ನೋಡುವುದು ಇದಕ್ಕೇ. ಜಂಭ ಅಲ್ಲ, ಇದ್ದದ್ದು ಹೇಳಿದೆ.

ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ, ಮೂರನೆಯದು, ಆ ಜಿ ತಂತಿ ಮಾತ್ರ ಸೇರಲ್ಲ ಸಾರ್ ಅಂತ. ಅವರು ರೆಕಾರ್ಡ್ ಪುಸ್ತಕ ತಿದ್ದುತ್ತಿದ್ದರು, ತಲೆ ಎತ್ತಲಿಲ್ಲ.

"ಒಂದು ಮೆಟ್ಟು ಮೇಲೆ ಹೋಗಯ್ಯ, ಅಲ್ಲೇ ಷಡ್ಜ ಇದೆ."