ಪಿಲಿ ದೋಸೆ: ನಾಲ್ಕನೇ ಶನಿವಾರದ ತನಕ

ಶನಿವಾರ ಶಾಲೆ ಬಿಟ್ಟ ಕೂಡಲೇ ಅಕ್ಕನ ಮಕ್ಕಳಿಬ್ಬರು ಉಡುಪಿಯ ನಮ್ಮ ಮನೆಗೆ ಬರುತ್ತಾರೆ. ದೊಡ್ಡವಳಿಗೆ 8 ವರ್ಷ, ಸಣ್ಣವನಿಗೆ 5. ಸಣ್ಣವನು ಸಾಂಬಾರಿನ ತರಕಾರಿಯನ್ನು ಒಂದೊಂದೇ ಹೆಕ್ಕಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತಾನೆ. ಅವನು ಖುಷಿಯಿಂದ ತರಕಾರಿ ತಿನ್ನಬೇಕು ಅಂತ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಶುರು ಮಾಡಿದ ಕೆಲಸ ಇದು. ಕೊನೆಗೆ ಮುಟ್ಟಿದ್ದು ಪಿಲಿ ದೋಸೆಗೆ, ತುಳುವಿನಲ್ಲಿ ಪಿಲಿ ಅಂದರೆ ಹುಲಿ.

ಮೊದಲ ಶನಿವಾರ

ಗೋಳಿಬಜೆ ಹಿಟ್ಟಿಗೆ ಹರಿವೆ ಸೊಪ್ಪನ್ನು ಸಣ್ಣಗೆ ಕೊಚ್ಚಿ ಸೇರಿಸಿದೆ. ಒಳಗೆ ಏನಿದೆ ಅಂತ ಹೇಳಲಿಲ್ಲ. ಸಣ್ಣವನು ಒಂದನ್ನು ಮುರಿದ, ಕೆಂಪು ಚೂರು ಕಂಡ, ಅಲ್ಲೇ ಇಟ್ಟ. ಮರುದಿನ ಸಾದಾ ಗೋಳಿಬಜೆ ಕೊಟ್ಟರೂ ಪ್ರತಿಯೊಂದನ್ನೂ ಬಿಡಿಸಿ ನೋಡಿಯೇ ಬಾಯಿಗಿಟ್ಟ. ಅದು ನೋಡಿ ನನಗೆ ಬೇಜಾರಾಯಿತು. ಇನ್ನು ಯಾವುದನ್ನೂ ಅಡಗಿಸಿ ಕೊಡುವುದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ. ಹಾಕಿದ್ದು ಕಣ್ಣಿಗೆ ಕಾಣಬೇಕು, ಅದರ ಹೆಸರೂ ಅವನಿಗೆ ಗೊತ್ತಿರಬೇಕು.

ಎರಡನೇ ಶನಿವಾರ

ಬೀಟ್ರೂಟ್ ಕೊಟ್ಟೆ ಕಡುಬು. ಹಲಸಿನ ಎಲೆ ಬಿಡಿಸಿ ತಿನ್ನುವುದೇ ಮಕ್ಕಳಿಗೆ ಒಂದು ಆಟ, ಅಲ್ವಾ? ಒಳಗೆ ಗುಲಾಬಿ ಬಣ್ಣ ಇದ್ದರೆ ಇನ್ನೂ ಚಂದ ಅಂದುಕೊಂಡೆ. ಹಿಟ್ಟೇನೋ ಭಾರೀ ಚಂದ ಇತ್ತು. ಮುಕ್ಕಾಲು ಗಂಟೆ ಬೆಂದು ಹೊರಗೆ ಬಂದಾಗ ಬಣ್ಣ ಮಾಸಿ ಮಣ್ಣಿನ ಹಾಗೆ ಆಗಿತ್ತು. ಬೀಟ್ರೂಟಿನ ಕೆಂಪು ಹೆಚ್ಚು ಹೊತ್ತಿನ ಬಿಸಿ ತಡೆಯುವುದಿಲ್ಲ. ಕ್ಯಾರೆಟ್ ಬಣ್ಣ ಹಾಗಲ್ಲ, ಬೆಂದರೂ ನಿಲ್ಲುತ್ತದೆ. ಅಲ್ಲಿಗೆ ಬೀಟ್ರೂಟ್ ಮೊಸರಿನ ಜೊತೆಗೆ, ಕ್ಯಾರೆಟ್ ಕಾವಲಿಗೆ ಅಂತ ಆಯಿತು.

ಮೂರನೇ ಶನಿವಾರ

ಕೃಷ್ಣಾಷ್ಟಮಿ ಹತ್ತಿರ ಬರುತ್ತಿದೆ. ಸಣ್ಣವನ ಬಾಯಲ್ಲಿ ಈಗ ಹುಲಿವೇಷದ್ದೇ ಮಾತು. ಎಲ್ಲಾದರೂ ಹುಲಿಕುಣಿತಕ್ಕೆ ಬಾರಿಸುವ ತಾಸೆಯ ಪೆಟ್ಟು ಕೇಳಿದರೆ ಊಟ ಬಿಟ್ಟು ಓಡುತ್ತಾನೆ. ಹಾಗಾದರೆ ದೋಸೆಯೇ ಹುಲಿ ಆಗಲಿ! ನಮ್ಮಲ್ಲಿ ಸೌತೆಕಾಯಿಯನ್ನು ಅಕ್ಕಿ ಜೊತೆ ಕಡೆದು ದೋಸೆ ಮಾಡುವುದು ಹೊಸತಲ್ಲ. ಆ ಜಾಗಕ್ಕೆ ಕ್ಯಾರೆಟ್ ಬಂತು, ಅಷ್ಟೆ.

ನೀರುದೋಸೆ ಹದದಲ್ಲಿ ಮಾಡಿದ್ದು ತಪ್ಪಾಯಿತು. ಕಾವಲಿಯಲ್ಲಿ ರಾಗಿ ಹಿಟ್ಟಿನ ಪಟ್ಟೆ ಎಳೆದು ಮೇಲಿಂದ ಕ್ಯಾರೆಟ್ ಹಿಟ್ಟು ಹೊಯ್ದರೆ ಪಟ್ಟೆ ಎಲ್ಲ ಕರಗಿ ಹರಿಯಿತು. ಬೆಂಕಿ ಜೋರಾಗಿ ಅಂಚು ಬೇರೆ ಕಪ್ಪಾಯಿತು. ಕ್ಯಾರೆಟ್ ಸಿಹಿ, ಬೇಗ ಸೀದುಹೋಗುತ್ತದೆ. ಮಕ್ಕಳು ಹಾಗೆಯೇ ತಿಂದರು. ಆದರೆ ಸಣ್ಣವನು, "ಚಿಕ್ಕಮ್ಮ, ಹುಲಿ ಎಲ್ಲಿ?" ಅಂತ ಕೇಳಿದ.

ನಾಲ್ಕನೇ ಶನಿವಾರ

ಈ ಸಲ ಹಿಟ್ಟು ದಪ್ಪ. 2 ಲೋಟ ಬೆಳ್ತಿಗೆ ಅಕ್ಕಿ, ಅರ್ಧ ಲೋಟ ಉದ್ದು, ಹಿಂದಿನ ದಿನವೇ ಕಡೆದು ಹುಳಿ ಬರಿಸಿದ್ದು. ಬೆಳಿಗ್ಗೆ 2 ಕ್ಯಾರೆಟ್ ನುಣ್ಣಗೆ ಕಡೆದು ಸೇರಿಸಿದೆ, ಚಿಟಿಕೆ ಅರಸಿನವನ್ನೂ ಹಾಕಿದೆ. ಪಟ್ಟೆಗೆ ಅದೇ ಹಿಟ್ಟು ಎರಡು ಸೌಟು ತೆಗೆದು ಜರಡಿ ಹಿಡಿದ ರಾಗಿ ಹಿಟ್ಟು ಕಲಸಿದೆ. ಜರಡಿ ಹಿಡಿಯದಿದ್ದರೆ ಪಟ್ಟೆ ಎಳೆಯುವ ತೂತು ಕಟ್ಟುತ್ತದೆ. ತೊಳೆದು ಒಣಗಿಸಿದ ಹಾಲಿನ ಪ್ಲಾಸ್ಟಿಕ್ ತೊಟ್ಟೆಗೆ ಅದನ್ನು ತುಂಬಿ, ಮೂಲೆಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿದೆ.

ಕಾವಲಿಯನ್ನು ಒಲೆಯಿಂದ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿ ತಗ್ಗಿಸಿದೆ. ಆಮೇಲೆ ಪಟ್ಟೆ ಎಳೆದೆ. ಸಣ್ಣ ಉರಿಗೆ ಇಟ್ಟು ಪಟ್ಟೆಯ ಹಸಿ ಹೊಳಪು ಹೋಗುವ ತನಕ ಕಾದೆ, ಇಪ್ಪತ್ತು ಎಣಿಸಿದರೆ ಸಾಕು. ಹಿಟ್ಟನ್ನು ನಡುವೆ ಹೊಯ್ದು ಕಾವಲಿಯನ್ನೇ ಓರೆ ಮಾಡಿ ಹರಡಿದೆ. ಸೌಟಿನಿಂದ ತಿರುಗಿಸಲೇಬಾರದು, ಪಟ್ಟೆ ಎದ್ದು ಬರುತ್ತದೆ. ಮುಚ್ಚಳ ಹಾಕಿ ಬೇಯಿಸಿ ಬಟ್ಟಲಿಗೆ ಕವುಚಿ ಹಾಕಿದೆ. ಕಿತ್ತಳೆ ಮೈಯಲ್ಲಿ ಕಂದು ಪಟ್ಟೆ ಎದ್ದು ಕಂಡಿತು! ಹಣೆಯ ಮೇಲಿನ ಮೂರು ಗೆರೆಯೂ ಹಾಗೆಯೇ ಉಳಿದಿತ್ತು. ದೊಡ್ಡವಳು ತನ್ನ ಹೆಸರಿನ ಅಕ್ಷರ ಬರೆಯಲು ಹೇಳಿದಳು, ಅದು ತಿರುಗುಮುರುಗಾಗಿ ಬಂತು. ಕನ್ನಡಿಯಲ್ಲಿ ಕಾಣುವ ಹಾಗೆ ಬರೆಯಬೇಕು ಅಂತ ಅವಳೇ ಕಂಡುಹಿಡಿದಳು.

ಮುಖ ಜೋಡಿಸುವ ಕೆಲಸ ಪೂರ್ತಿ ಮಕ್ಕಳದ್ದು. ಕಿವಿಗೆ ಮುಳ್ಳುಸೌತೆ, ಮೀಸೆಗೆ ಬೇಯಿಸಿದ ಬೀನ್ಸಿನ ಎಳೆ, ನಾಲಿಗೆಗೆ ಬೀಟ್ರೂಟ್. ಕಣ್ಣಿಗೆ ಏನು ಅಂತ ಬಹಳ ಯೋಚಿಸಿದ್ದೆ. ಕೊನೆಗೆ ತೊಂಡೆಕಾಯಿಯನ್ನು ಉಪ್ಪು ಹಾಕಿ ಬೇಯಿಸಿ ಅಡ್ಡಕ್ಕೆ ಬಿಲ್ಲೆ ಮಾಡಿದೆ. ಹಸಿರು ಅಂಚು, ಒಳಗೆ ತಿಳಿ ತಿರುಳು, ನಡುವೆ ಸುತ್ತ ಕೂತ ಬೀಜ. ಹತ್ತಿರದಿಂದ ನೋಡಿದರೆ ಅದು ನಿಜವಾಗಿ ಕಣ್ಣೇ. ಬಟ್ಟಲಿನ ಅಂಚಿಗೆ ಹೆಚ್ಚಾಗಿ ಹೋಗುತ್ತಿದ್ದದ್ದೂ ಇದೇ ತೊಂಡೆಕಾಯಿ. ಸಣ್ಣವನು ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇದು ನನ್ನ ಹುಲಿಗೆ" ಅಂತ ತೆಗೆದಿಟ್ಟ.

ಮುಂದೆ

ಪಟ್ಟೆ ಪಿಲಿ ಆಯಿತು, ಈಗ ಚಿಟ್ಟೆ ಪಿಲಿ, ಅಂದರೆ ಚುಕ್ಕೆಯ ಚಿರತೆ, ಬೇಕಂತೆ. ಚುಕ್ಕೆ ಇಡುವುದು ಪಟ್ಟೆಗಿಂತ ಸುಲಭ, ಅದನ್ನು ಅವನ ಕೈಗೇ ಕೊಡುತ್ತೇನೆ, ಕಾವಲಿ ಒಲೆಯಿಂದ ಇಳಿಸಿ ಪೂರ್ತಿ ತಣಿದ ಮೇಲೆ. ಚಳಿಗಾಲಕ್ಕೆ ಮಟ್ಟುಗುಳ್ಳದ ಪೋಡಿ (ಬಜ್ಜಿ) ಮಾಡುವ ಆಸೆಯೂ ಇದೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ನಮ್ಮೂರ ಬದನೆ ಅದು. ದುಂಡಗಿನ ದೊಡ್ಡ ಬಿಲ್ಲೆ, ಇಡೀ ಮುಖವನ್ನೇ ಬಿಡಿಸಬಹುದು.

ಸದ್ಯ ತೊಂಡೆಕಾಯಿ ಅರ್ಧ ಕಿಲೋ ಜಾಸ್ತಿ ತರಬೇಕು. ದೋಸೆ ಏಳುವ ಮೊದಲೇ ಸಣ್ಣವನು ಕಣ್ಣುಗಳನ್ನು ತಿಂದು ಮುಗಿಸುತ್ತಾನೆ.