ಪೋಸ್ಟ್ ಹಾಕುವುದು ಸುಲಭ, ಉತ್ತರ ಕೊಡುವುದೇ ಕೆಲಸ

ಸೀರೆ ಅಂಗಡಿ, ಹಲ್ಲಿನ ಆಸ್ಪತ್ರೆ, ಖಾನಾವಳಿ, ಒಂದು ಪಿಯು ಕಾಲೇಜು. ಹುಬ್ಬಳ್ಳಿಯ ನಮ್ಮ ಸಣ್ಣ ಕಚೇರಿಯಲ್ಲಿ ಇವರೆಲ್ಲರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಖಾತೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರಿದವರು ಪೋಸ್ಟ್‌ಗಳ ಚಿಂತೆಯಲ್ಲೇ ದಿನ ಕಳೆಯುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ಬರೆಯುವ ಕೆಲಸವನ್ನು ವಾರಕ್ಕೊಮ್ಮೆ ಮುಗಿಸಿ, ಹಗಲನ್ನು ಜನರಿಗೆ ಬಿಟ್ಟುಕೊಡಿ.

ಸೋಮವಾರ ಬೆಳಿಗ್ಗೆ ಪಟ್ಟಾಗಿ ಕುಳಿತರೆ ವಾರದ ಪೋಸ್ಟ್‌ಗಳೆಲ್ಲ ಸಿದ್ಧವಾಗುತ್ತವೆ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ದಿನ, ಹೊತ್ತು ನಿಗದಿ ಮಾಡಿಡಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಒಂದೇ ಬರಹ ಎಲ್ಲ ಕಡೆಗೂ ಒಗ್ಗುವುದಿಲ್ಲ. ಇನ್‌ಸ್ಟಾಗ್ರಾಂನ ಚಿತ್ರದ ಕೆಳಗೆ ಕೊಂಡಿ ಹಾಕಿದರೆ ಅದು ಒತ್ತಿದಾಗ ತೆರೆಯುವುದಿಲ್ಲ. ಹಿಂದೆ ಟ್ವಿಟರ್ ಆಗಿದ್ದ ಎಕ್ಸ್‌ನ ಸಾಮಾನ್ಯ ಖಾತೆಯಲ್ಲಿ ಪೋಸ್ಟೊಂದಕ್ಕೆ 280 ಅಕ್ಷರಗಳ ಮಿತಿ. ಅಲ್ಲಿ ನಮ್ಮ ಒತ್ತಕ್ಷರಗಳು ದುಬಾರಿ. 'ಸ್ತ್ರೀ' ಎಂಬುದು ಕಣ್ಣಿಗೆ ಒಂದಕ್ಷರ, ಎಕ್ಸ್‌ನ ಲೆಕ್ಕದಲ್ಲಿ ಆರು. ಕಾಲೇಜಿನಿಂದ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಪ್ರಕಟಣೆ ಬಂದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಇಲ್ಲವಾದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಮೊಬೈಲಿನಲ್ಲಿ ಖಾತೆಯಿಂದ ಖಾತೆಗೆ ಜಿಗಿಯುತ್ತಾ ಕೆಲಸ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಪ್ರತಿ ಗ್ರಾಹಕರಿಗೂ ಬೇರೆ ಪ್ರೊಫೈಲ್, ಬೇರೆ ಬಣ್ಣ: ಆಸ್ಪತ್ರೆಗೆ ಹಸಿರು, ಸೀರೆ ಅಂಗಡಿಗೆ ಕೆಂಪು. ಪಾಸ್‌ವರ್ಡ್ ಕೇಳುವುದಕ್ಕಿಂತ ಪುಟದ ನಿರ್ವಹಣೆಯ ಅನುಮತಿ ಪಡೆಯುವುದು ಲೇಸು. ಪಾಸ್‌ವರ್ಡ್ ನಂಬಿ ಕುಳಿತರೆ ಒಟಿಪಿ ಹೋಗುವುದು ಮಾಲೀಕರ ಮೊಬೈಲಿಗೆ, ಅವರು ಆ ಹೊತ್ತಿಗೆ ಗಿರಾಕಿಗಳ ನಡುವೆ ಇರುತ್ತಾರೆ.

ಇನ್ನು ಉತ್ತರಗಳ ವಿಷಯ. ಬೆಳಿಗ್ಗೆ ಹತ್ತಕ್ಕೆ, ಊಟದ ನಂತರ, ಸಂಜೆ ಹೊರಡುವ ಮುನ್ನ ಎಲ್ಲ ಖಾತೆಗಳನ್ನೂ ಒಂದು ಸುತ್ತು ನೋಡುತ್ತೇನೆ. ಇಳಕಲ್ ಸೀರೆಯ ಚಿತ್ರದ ಕೆಳಗೆ 'ಬೆಲೆ?' ಎಂದು ಒಬ್ಬರು ಕೇಳಿದರೆ, ಅದನ್ನೇ ಕೇಳಬೇಕೆಂದಿದ್ದರೂ ಸಂಕೋಚಪಡುವವರು ಇನ್ನೂ ಹಲವರಿರುತ್ತಾರೆ. 'ಇನ್‌ಬಾಕ್ಸ್ ನೋಡಿ' ಎನ್ನುವ ಉತ್ತರ ಅವರೆಲ್ಲರನ್ನೂ ಹೊರಗಿಡುತ್ತದೆ. ಅದಕ್ಕೆ ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಅಲ್ಲೇ ಬರೆಯೋಣ ಎಂದು ಅಂಗಡಿಯವರನ್ನು ಒಪ್ಪಿಸಿದ್ದೇನೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ವಿಳಾಸ, ಸಮಯದಂಥ ಪ್ರಶ್ನೆಗಳಿಗೆ ಸಿದ್ಧ ಉತ್ತರ ಉಳಿಸಿಟ್ಟುಕೊಳ್ಳಬಹುದು. ಓರೆಗೆರೆ (/) ಒತ್ತಿದರೆ ಅವು ಮುಂದೆ ಬರುತ್ತವೆ. ಹಲ್ಲುನೋವೆಂದು ಬರೆದವರಿಗೆ ಮಾತ್ರ ಸಿದ್ಧ ಉತ್ತರ ಕಳುಹಿಸಬಾರದು. ಆಸ್ಪತ್ರೆಗೆ ಕರೆ ಮಾಡಿ, ವೈದ್ಯರು ಯಾವಾಗ ಸಿಗುತ್ತಾರೆಂದು ಕೇಳಿಯೇ ಬರೆಯಬೇಕು.

ನಿಗದಿ ಮಾಡಿಟ್ಟದ್ದನ್ನು ಮರೆತು ಕೂರುವಂತೆಯೂ ಇಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಮೂರು ದಿನಕ್ಕೆ ರಾಜ್ಯೋತ್ಸವ, ಅದರ ಬೆನ್ನಿಗೇ ದೀಪಾವಳಿ. ಪಟ್ಟಿಯ ತುಂಬ ರಿಯಾಯಿತಿ, ಪಟಾಕಿಯ ಚಿತ್ರ, ನಗುಮುಖ. ನಾಡೆಲ್ಲ ಅಳುತ್ತಿದ್ದಾಗ ಅವು ತಾವಾಗಿಯೇ ಹೊರಬೀಳಲು ಬಿಡುವುದು ಸಾಧ್ಯವೇ ಇರಲಿಲ್ಲ. ಆ ಮಧ್ಯಾಹ್ನ ಬೇರೆಲ್ಲ ಕೆಲಸ ಬಿಟ್ಟು ಒಂದೊಂದನ್ನೇ ತಡೆಹಿಡಿದೆವು, ಮಾಲೀಕರಿಗೆ ಆಮೇಲೆ ಹೇಳಿದೆವು, ಯಾರೂ ಬೇಡವೆನ್ನಲಿಲ್ಲ. ಈಗ ಹೊಸ ಗ್ರಾಹಕರು ಬಂದಾಗ ಮೊದಲ ಮಾತುಕತೆಯಲ್ಲೇ ಎರಡು ವಿಷಯ ಬರೆದುಕೊಳ್ಳುತ್ತೇವೆ: ಇಂಥ ಹೊತ್ತಿನಲ್ಲಿ ಅವರನ್ನು ಕೇಳದೆಯೇ ಪೋಸ್ಟ್ ನಿಲ್ಲಿಸುವ ಅಧಿಕಾರ ನಮಗಿದೆ ಎಂಬುದು, ಮತ್ತು ಮತ್ತೆ ಶುರು ಮಾಡುವಾಗ ಯಾರ ಒಪ್ಪಿಗೆ ಬೇಕು ಎಂಬುದು.